ಹೆಣ ಎತ್ತಿದವರ ಹೆಸರನ್ನೂ ಬರೆದುಕೊಳ್ಳಿ

ನಮ್ಮ ಕಡೆಯ ಗಂಡಸೊಬ್ಬ ಹೊರರೋಗಿ ವಿಭಾಗಕ್ಕೆ ಬಂದು "ಮೂರು ವಾರದಿಂದ ಬಾಡು ಸೇರ್ತಿಲ್ಲ ಮೇಡಂ, ವಾಸನೆ ಬಂದ್ರೆ ಸಾಕು ಹೊಟ್ಟೆ ತೊಳಸುತ್ತೆ" ಎಂದರೆ ನಾನು ಮೊದಲು ಅವನ ಕೆಲಸ ಏನೆಂದು ಕೇಳುತ್ತೇನೆ. ಜೆಸಿಬಿ ಆಪರೇಟರ್, ಆಂಬುಲೆನ್ಸ್ ಡ್ರೈವರ್, ಕ್ರೇನ್ ಇಟ್ಟವನು, ಹೋಂ ಗಾರ್ಡ್, ಕೆರೆಯಲ್ಲಿ ಈಜು ಬಲ್ಲವನು, ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯವನು. ಇಂಥ ಉತ್ತರ ಬಂದರೆ ಎರಡನೆಯ ಪ್ರಶ್ನೆ: "ಈಚೆಗೆ ಎಲ್ಲಾದ್ರೂ ಹೆಣ ಎತ್ತೋಕೆ ಹೋಗಿದ್ರಾ?" ಅಲ್ಲಿಯತನಕ ಗ್ಯಾಸ್ಟ್ರಿಕ್ಕು, ಎದೆ ಡವಡವ, ತಲೆಭಾರ ಎನ್ನುತ್ತಿದ್ದವನು ಸುಮ್ಮನಾಗುತ್ತಾನೆ. ಜೊತೆಗೆ ಬಂದ ಹೆಂಡತಿಯೇ ಉತ್ತರ ಕೊಡುತ್ತಾಳೆ. "ಹೂಂ ಮೇಡಂ, ಅವತ್ತಿಂದ್ಲೇ. ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ."

ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ಮನೋವೈದ್ಯೆಯಾಗಿ ಇಂಥವರನ್ನು ನೋಡುತ್ತ ಬಂದಿದ್ದೇನೆ. ದುರಂತ ನಡೆದ ಮೇಲೆ ಸತ್ತವರ ಪಟ್ಟಿ ಆಗುತ್ತದೆ, ಗಾಯಾಳುಗಳ ಪಟ್ಟಿ ಆಗುತ್ತದೆ, ಪರಿಹಾರಕ್ಕೆ ಅರ್ಹರ ಪಟ್ಟಿಯೂ ಆಗುತ್ತದೆ. ಎತ್ತಿದವರ ಪಟ್ಟಿ ಆಗುವುದಿಲ್ಲ. ಸಮವಸ್ತ್ರದವರಾದರೆ ಡ್ಯೂಟಿ ರಿಜಿಸ್ಟರಿನಲ್ಲಿ ಒಂದು ಹೆಸರಾದರೂ ಇರುತ್ತದೆ. ಉಳಿದವರು ಕೈ ತೊಳೆದುಕೊಂಡು ಮನೆಗೆ ಹೋದರೆ ಅವರು ಅಲ್ಲಿದ್ದರು ಅನ್ನುವುದಕ್ಕೇ ದಾಖಲೆ ಇಲ್ಲ. ಈ ಲೇಖನ ಅವರ ಬಗ್ಗೆ. ಇಲ್ಲಿ ಬರುವ ರೋಗಿಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ನಮ್ಮದು ಪ್ರವಾಹ, ಭೂಕುಸಿತಗಳ ಸೀಮೆ ಅಲ್ಲ. ಆದರೆ ಹೆದ್ದಾರಿಗಳಿವೆ, ಕಲ್ಲುಕ್ವಾರಿಗಳಿವೆ. 2021ರ ಫೆಬ್ರುವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲು ಸಿಡಿಸುವ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. 2022ರ ಆಗಸ್ಟ್ 25ರಂದು ಶಿರಾ ಬಳಿ ಲಾರಿಗೂ ಕ್ರೂಸರ್‌ಗೂ ಡಿಕ್ಕಿಯಾಗಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಕಡೆಯ ಒಂಬತ್ತು ಜನ ತೀರಿಹೋದರು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ, ಮಂಜಿನಲ್ಲಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ನುಗ್ಗಿ ಹದಿಮೂರು ಜೀವ ಹೋಯಿತು. ಇಂಥ ಕಡೆ ಮೊದಲು ಕೈಹಾಕುವವರು ಹೆಚ್ಚಾಗಿ ಹತ್ತಿರದಲ್ಲಿದ್ದವರೇ. ಜೊತೆಗೆ ನಮ್ಮ ಜೆಸಿಬಿ, ಟಿಪ್ಪರ್, ಹಿಟಾಚಿ ಓಡಿಸುವ ಹುಡುಗರು ಕೆಲಸ ಹುಡುಕಿಕೊಂಡು ಕೊಡಗು, ಉತ್ತರ ಕನ್ನಡ, ಕೇರಳದವರೆಗೂ ಹೋಗುತ್ತಾರೆ. ಅಲ್ಲಿ ಗುಡ್ಡ ಕುಸಿದರೆ ಮಣ್ಣು ತೆಗೆಯುವ ಮಷಿನ್ನಿನಲ್ಲಿ ಕೂತವನು ನಮ್ಮ ಊರಿನವನೇ ಆಗಿರಬಹುದು.

ಹಾಗೆ ಹೋಗಿ ಬಂದ ಒಬ್ಬ ಆಪರೇಟರ್‌ನ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕೆಲಸ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಇಪ್ಪತ್ತೆಂಟರ ವಯಸ್ಸು, ಗಟ್ಟಿ ಆಳು. ಬೇರೆ ಜಿಲ್ಲೆಯಲ್ಲಿ ಗುಡ್ಡ ಕುಸಿದ ಜಾಗದಲ್ಲಿ ಹಗಲು ರಾತ್ರಿ ಮಣ್ಣು ತೆಗೆದಿದ್ದ. ವಾಪಸ್ ಬಂದ ಮೇಲೆ ಮಾಮೂಲಿನಂತೆ ಕೃಷಿ ಹೊಂಡ ತೋಡುವ ಕೆಲಸ ಹಿಡಿದ. ಬಕೆಟ್ ನೆಲಕ್ಕೆ ತಾಗುವ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. ಇಳಿದು ಹೋಗಿ ಮಣ್ಣನ್ನು ಕೈಯಲ್ಲಿ ಕೆದಕಿ ನೋಡಿ, ಮತ್ತೆ ಹತ್ತುತ್ತಿದ್ದ. ಹೊಲದ ಯಜಮಾನ ಡೀಸೆಲ್ ಖರ್ಚಿನ ಲೆಕ್ಕ ಹಾಕಿ ಬೈದ. ಮೇಷ್ಟ್ರೊಬ್ಬರು ಕರೆದುಕೊಂಡು ಬಂದರು.

ಮೊದಲೆರಡು ಭೇಟಿಯಲ್ಲಿ ಅವನು ನಿದ್ದೆಯ ಬಗ್ಗೆ ಬಿಟ್ಟು ಏನೂ ಹೇಳಲಿಲ್ಲ. ನಾನೂ ಕೆದಕಲಿಲ್ಲ. ಆಮೇಲೆ ಒಂದು ದಿನ ತಾನಾಗಿ ಹೇಳಿದ. ಮಣ್ಣಿನಲ್ಲಿ ಬಟ್ಟೆ ಕಂಡಿತು, ಮಷಿನ್ ನಿಲ್ಲಿಸಿದರು, ಕೈಯಲ್ಲಿ ತೆಗೆದರು, ಹೆಂಗಸಿನ ಹೆಣ. ಭುಜದ ಹತ್ತಿರ ಒಂದು ಗಾಯ ಇತ್ತು. "ಅದು ನನ್ನ ಬಕೆಟ್ ಹಲ್ಲಿಂದ ಆಗಿದ್ದಾ, ಮೊದಲೇ ಆಗಿದ್ದಾ ಮೇಡಂ? ಆಯಮ್ಮ ಅಷ್ಟೊತ್ತಿಗೆ ಹೋಗ್ಬಿಟ್ಟಿದ್ರಾ?" ಈ ಎರಡು ಪ್ರಶ್ನೆಗಳನ್ನು ಅವನು ಯಾರ ಬಳಿಯೂ ಕೇಳಿರಲಿಲ್ಲ. ಗುಡ್ಡ ಕುಸಿದು ಆಗಲೇ ಹಲವು ದಿನ ಕಳೆದಿತ್ತು. ಅಲ್ಲಿದ್ದ ಯಾವ ವೈದ್ಯನಾದರೂ ಅರ್ಧ ನಿಮಿಷದಲ್ಲಿ ಉತ್ತರ ಹೇಳಬಹುದಿತ್ತು. ಆಪರೇಟರ್‌ಗೆ ಇದನ್ನು ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅವನು ಆ ಪ್ರಶ್ನೆಯನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದ್ದ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿ ಆಘಾತೋತ್ತರ ಒತ್ತಡದ ಕಾಯಿಲೆಗೆ (ಪಿಟಿಎಸ್‌ಡಿ, ಕಂಡ ಭೀಕರ ದೃಶ್ಯ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ) ಕಾರಣವಾಗುವ ಅನುಭವಗಳಲ್ಲಿ ಇದನ್ನೂ ಹೆಸರಿಸುತ್ತದೆ: ಮನುಷ್ಯರ ಅವಶೇಷಗಳನ್ನು ಸಂಗ್ರಹಿಸುವ ಕೆಲಸ. ತನ್ನ ಜೀವಕ್ಕೆ ಅಪಾಯ ಬಂದಿರಬೇಕೆಂದಿಲ್ಲ, ಸತ್ತವರು ತನ್ನವರಾಗಿರಬೇಕೆಂದೂ ಇಲ್ಲ. "ನಿಂಗೇನಾಗಿತ್ತು, ನಿಮ್ಮನೇವ್ರೇನಾದ್ರೂ ಸತ್ರಾ?" ಎಂದು ಕೇಳುವ ಬಂಧುಗಳಿಗೆ ಇದು ಗೊತ್ತಿರಲಿ. ಸೈನ್ಯದಲ್ಲಿ ಶವ ನಿರ್ವಹಣೆ ಮಾಡುವವರ ಮೇಲೆ ನಡೆದ ಅಧ್ಯಯನಗಳೂ, ನನ್ನ ಕೋಣೆಯಲ್ಲಿ ಕೇಳಿದ ಮಾತುಗಳೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಮಕ್ಕಳ ಹೆಣ ಎಲ್ಲಕ್ಕಿಂತ ಕಷ್ಟ. ಅದರ ನಂತರ ಸತ್ತವರ ಸಾಮಾನು. ರಕ್ತ ನೋಡಿ ಅಲುಗದ ಹೋಂ ಗಾರ್ಡ್ ಒಬ್ಬರು, ಬೆಲೆಚೀಟಿ ಕೂಡ ಕೀಳದ ಒಂದು ಜೊತೆ ಹೊಸ ಚಪ್ಪಲಿ ಕಂಡಲ್ಲಿ ಕುಸಿದು ಕೂತಿದ್ದರು. ಸಾಮಾನು ನೋಡಿದ ಕೂಡಲೇ ಅದು ಹೆಣವಾಗಿ ಉಳಿಯುವುದಿಲ್ಲ, ನಿನ್ನೆ ಸಂತೆಗೆ ಹೋಗಿದ್ದ ಒಬ್ಬ ಮನುಷ್ಯ ಆಗಿಬಿಡುತ್ತದೆ. "ನನ್ ಮಗಳ ವಯಸ್ಸೇ" ಎಂದು ಒಮ್ಮೆ ಅನ್ನಿಸಿದರೆ ಅಲ್ಲಿಂದ ಕಾಯಿಲೆಗೆ ದಾರಿ ಹತ್ತಿರ.

ಈ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ನ್ಯೂಯಾರ್ಕಿನ ಅವಳಿ ಗೋಪುರಗಳು 2001ರ ಸೆಪ್ಟೆಂಬರ್ 11ರಂದು ಬಿದ್ದ ಮೇಲೆ ಅವಶೇಷ ತೆಗೆಯುವ ಕೆಲಸ 2002ರ ಮೇ ಕೊನೆಯವರೆಗೆ ನಡೆಯಿತು. ಅಲ್ಲಿ ದುಡಿದ 28,962 ಮಂದಿಯನ್ನು ಎರಡು ಮೂರು ವರ್ಷದ ನಂತರ ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಒಟ್ಟಾರೆ ಶೇ 12.4ರಷ್ಟು ಜನರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣ ಇತ್ತು. ಪೊಲೀಸರಲ್ಲಿ ಅದು ಶೇ 6.2. ಯಾವ ಸಂಸ್ಥೆಗೂ ಸೇರದೆ ತಾವಾಗಿ ಓಡಿಬಂದ ಸ್ವಯಂಸೇವಕರಲ್ಲಿ ಶೇ 21.2, ಮೂರು ಪಟ್ಟಿಗಿಂತ ಹೆಚ್ಚು. ತಮ್ಮ ಮಾಮೂಲಿ ಕಸುಬಲ್ಲದ ಕೆಲಸ ಮಾಡಬೇಕಾಗಿ ಬಂದವರಿಗೂ ಅಪಾಯ ಹೆಚ್ಚಿತ್ತು. ಈ ಅಂಕಿಗಳನ್ನು ಓದಿದಾಗಲೆಲ್ಲ ನನಗೆ ನಮ್ಮ ಪಂಕ್ಚರ್ ಅಂಗಡಿಯ ಹುಡುಗರೇ ಕಣ್ಮುಂದೆ ಬರುತ್ತಾರೆ. ತರಬೇತಿ ಇಲ್ಲದವರು, ಕರೆಯದೆ ಬಂದವರು, ಮುಗಿದ ಮೇಲೆ ಯಾರಿಗೂ ಸೇರದವರು.

ಒಂದು ತಂಡಕ್ಕೆ ಸೇರಿರುವುದು ಎಷ್ಟು ದೊಡ್ಡ ಆಸರೆ ಎಂಬುದು ಕೆಜಿಎಫ್‌ನ ಹಳಬರ ಮಾತು ಕೇಳಿದರೆ ತಿಳಿಯುತ್ತದೆ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುವುದು ಅವರಿಗೆ ಗೊತ್ತಿದ್ದ ಅಪಾಯ. ಸಿಕ್ಕಿಬಿದ್ದವರನ್ನು ತೆಗೆಯಲು ಕಲಿತ ತಂಡ ಇಳಿಯುತ್ತಿತ್ತು, ಒಟ್ಟಿಗೇ ಮೇಲೆ ಬರುತ್ತಿತ್ತು. ಸಾಲುಮನೆಗಳಲ್ಲಿ ಪಕ್ಕದ ಮನೆಯವನೂ ಗಣಿಯವನೇ. ಏನಾಯಿತು ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರಲ್ಲಿ ಕೆಲವರಿಗೆ ಹಳೆಯ ಕನಸುಗಳು ಶುರುವಾದವು. ಕೆಲಸ ಹೋಯಿತು, ಜೊತೆಯವರು ಬೆಂಗಳೂರು ರೈಲು ಹತ್ತಿ ಚದುರಿದರು, ಆಮೇಲೆ ಕನಸು ಬಂತು. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಶವಾಗಾರದಲ್ಲಿ ಕೆಲಸ ಮಾಡುವವರನ್ನೋ ಪೌರಕಾರ್ಮಿಕರನ್ನೋ ಇಂಥ ಜಾಗಕ್ಕೆ ಕರೆಸುವಾಗ "ಅವರಿಗೆ ಅಭ್ಯಾಸ ಇದೆ ಬಿಡಿ" ಎಂಬ ಮಾತು ಸಲೀಸಾಗಿ ಬರುತ್ತದೆ. ಅವರಲ್ಲಿ ಹೆಚ್ಚಿನವರು ಯಾವ ಜಾತಿಗಳವರು ಎಂಬುದು ಎಲ್ಲರಿಗೂ ಗೊತ್ತು. ತಲೆಮಾರುಗಳಿಂದ ಹೆಣದ ಕೆಲಸವನ್ನು ಅವರ ತಲೆಗೆ ಕಟ್ಟಿ, ಈಗ ಅದನ್ನು ಅಭ್ಯಾಸ ಎಂದು ಕರೆಯುತ್ತೇವೆ. ಅಭ್ಯಾಸ ಆಗಿದ್ದರೆ ಕೆಲಸಕ್ಕೆ ಮೊದಲು ಒಂದು ಕ್ವಾರ್ಟರ್ ಕೈಗಿಡುವ ಪದ್ಧತಿ ಯಾಕೆ ಬಂತು? ಕುಡಿಯದೆ ಮಾಡಲಾಗದ ಕೆಲಸ ಎಂದು ಕೊಡುವವರಿಗೂ ಗೊತ್ತು. ಮೊದಲು ಕೆಲಸದ ದಿನ ಮಾತ್ರ, ಆಮೇಲೆ ದಿನವೂ, ಆಮೇಲೆ ಬೆಳಿಗ್ಗೆಯೂ. ಕೊನೆಗೆ ಆಸ್ಪತ್ರೆಯ ಚೀಟಿಯಲ್ಲಿ ಅವರ ಕಾಯಿಲೆಗೆ ಮದ್ಯವ್ಯಸನ ಎಂಬ ಹೆಸರು ಬೀಳುತ್ತದೆ. ಅದರ ಹಿಂದಿನ ಕಾರಣ ಯಾವ ಚೀಟಿಯಲ್ಲೂ ಇರುವುದಿಲ್ಲ.

ಸಿಗದೇ ಹೋದಾಗಿನ ನೋವು ಬೇರೆಯದೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕನ ದೇಹ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅದೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಮಣ್ಣು ನುಂಗಿದಾಗ ಚಾಲಿಯಾರ್ ನದಿ ಹೆಣಗಳನ್ನೂ ದೇಹದ ಭಾಗಗಳನ್ನೂ ಮಲಪ್ಪುರಂ ಜಿಲ್ಲೆಯವರೆಗೆ ಒಯ್ದಿತ್ತು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಸಂಖ್ಯೆ ಬರೆದು ಹೂಳಿದರು. ಇಂಥ ಕಡೆ ಹುಡುಕಿದವನಿಗೆ "ಮುಗಿಯಿತು" ಅನ್ನುವ ಗಳಿಗೆ ಬರುವುದಿಲ್ಲ. ನಮ್ಮ ಕೆರೆಗಳಲ್ಲಿ ಮುಳುಗಿದವರನ್ನು ಹುಡುಕುವ ಈಜುಗಾರರೂ ಇದನ್ನೇ ಹೇಳುತ್ತಾರೆ. ಎತ್ತಿಕೊಟ್ಟ ಹೆಣಗಳನ್ನು ಮರೆಯಬಹುದು, ದಡದಲ್ಲಿ ಕೂತ ತಾಯಿಗೆ "ಸಿಗಲಿಲ್ಲಮ್ಮ" ಎಂದು ಹೇಳಿದ್ದನ್ನು ಮರೆಯಲಾಗುವುದಿಲ್ಲ.

ಏನು ಮಾಡಬೇಕು ಎಂದು ಅಧಿಕಾರಿಗಳು ಕೇಳಿದಾಗ, ಎಲ್ಲರನ್ನೂ ಅಂದೇ ರಾತ್ರಿ ಕೂರಿಸಿ ಮಾತಾಡಿಸಿಬಿಡಿ ಎನ್ನುವ ಸಲಹೆ ಪಕ್ಕದಿಂದ ಬಂದೇ ಬರುತ್ತದೆ. ದಯವಿಟ್ಟು ಬೇಡ. ಘಟನೆ ನಡೆದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿಸುವ ಒಂದು ಸಲದ ಬೈಠಕ್ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂಬುದು 2002ರ ಹೊತ್ತಿಗೇ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ಪಷ್ಟವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಎನ್ನುತ್ತದೆ. ನಿದ್ದೆ ಬರಲಿ ಎಂದು ಮೆಡಿಕಲ್ ಸ್ಟೋರಿನಿಂದ ಆಲ್‌ಪ್ರಜೋಲಾಮ್ ತಂದು ನುಂಗಿಸುವುದೂ ಬೇಡ. ಮೊದಲ ತಿಂಗಳಲ್ಲಿ ಆ ಜಾತಿಯ ಮಾತ್ರೆ ಆಘಾತವನ್ನು ವಾಸಿ ಮಾಡುವುದಿಲ್ಲ, ಚಟ ಮಾತ್ರ ಹಿಡಿಸೀತು.

ಅಂದು ಬೇಕಾಗಿರುವುದು ಬಹಳ ಸರಳವಾದದ್ದು. ಕುಡಿಯಲು ನೀರು, ಬಿಸಿ ಊಟ, ಕೈಗೆ ಗ್ಲೌಸು, ಕೆಲವು ಗಂಟೆಗೊಮ್ಮೆ ಕೈ ಬದಲಾವಣೆ. ಹೊಸಬನನ್ನು ಒಬ್ಬನೇ ಬಿಡದೆ ಹಳಬನ ಜೊತೆ ಹಾಕುವುದು. ಹೆಣ ಎತ್ತುವವನೇ ಜೇಬು ತಡಕಿ ಗುರುತು ಹಿಡಿಯುವಂತೆ ಮಾಡಬಾರದು. ಆ ಎರಡು ಕೆಲಸ ಇಬ್ಬರಿಗೆ ಹಂಚಿರಬೇಕು. ಚಿಕ್ಕ ಮಕ್ಕಳಿರುವ ಅಪ್ಪಂದಿರನ್ನು ಆದಷ್ಟು ಮಕ್ಕಳ ಹೆಣದಿಂದ ದೂರ ಇಡಬೇಕು. ಹೊರಡುವಾಗ ಅಲ್ಲಿನ ಹಿರಿಯ ಅಧಿಕಾರಿ ಎದುರಿಗೆ ನಿಂತು, ಏನಾಗಿತ್ತು, ಯಾರು ಯಾವಾಗ ಸತ್ತಿದ್ದರು, ನಿಮ್ಮಿಂದ ಏನು ಉಪಕಾರವಾಯಿತು ಎಂದು ನಾಲ್ಕು ಮಾತು ಹೇಳಬೇಕು. ನನ್ನ ಆಪರೇಟರ್‌ಗೆ ಬೇಕಿದ್ದದ್ದೂ ಆ ನಾಲ್ಕು ಮಾತೇ.

ಜೊತೆಗೆ ಒಂದು ಹಾಳೆ. ತಹಶೀಲ್ದಾರರ ಕಡೆಯವರೋ ಠಾಣೆಯ ರೈಟರೋ ಆ ದಿನ ಕೈಹಾಕಿದ ಪ್ರತಿಯೊಬ್ಬರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಕೊಡಬೇಕು. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯಲ್ಲಿ 92 ಜನ ಸತ್ತಾಗಿನಿಂದ ನಿಮ್ಹಾನ್ಸ್‌ನವರು ದುಃಖಿತ ಕುಟುಂಬಗಳ ಬಗ್ಗೆ ಕೆಲಸ ಮಾಡಿದ್ದಾರೆ. ಭೋಪಾಲ್, ಒಡಿಶಾ, ಗುಜರಾತ್, ಸುನಾಮಿ, ಎಲ್ಲ ಕಡೆ ಹೋಗಿದ್ದಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಮನೋಸಾಮಾಜಿಕ ನೆರವಿನ ಮಾರ್ಗಸೂಚಿ ಹೊರಡಿಸಿದೆ. ತಿಳಿವಳಿಕೆಗೆ ಕೊರತೆ ಇಲ್ಲ. ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ ನಮ್ಮ ಕೈಯಲ್ಲಿಲ್ಲ, ಅಷ್ಟೆ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ.

ಫೋನ್ ಮಾಡಬೇಕಾದದ್ದು ಒಂದು ತಿಂಗಳಾದ ಮೇಲೆ. ಕೆಟ್ಟ ಕನಸು, ಬೆಚ್ಚಿಬೀಳುವುದು, ಊಟ ಸೇರದಿರುವುದು ಮೊದಲ ಕೆಲವು ವಾರ ಬಹುತೇಕ ಎಲ್ಲರಿಗೂ ಇರುತ್ತದೆ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ತಿಂಗಳಾದರೂ ಇಳಿಯದಿದ್ದರೆ, ಆ ದಾರಿಯಲ್ಲಿ ಹೋಗಲು ಹೆದರುತ್ತಿದ್ದರೆ, ಕುಡಿತ ಏರುತ್ತಿದ್ದರೆ, ಹೆಂಡತಿ ಮಕ್ಕಳ ಮೇಲೆ ರೇಗಾಟ ಹೆಚ್ಚಿದ್ದರೆ ಅದು ಕಾಯಿಲೆ. ಸಾಯುವ ಮಾತು ಬಂದರಂತೂ ತಿಂಗಳು ಕಾಯಬೇಡಿ, ಅಂದೇ ಕರೆದುಕೊಂಡು ಬನ್ನಿ.

ಮನೆಯವರಿಗೆ ಒಂದು ಮಾತು. ನಮ್ಮಲ್ಲಿ ಹೆಣ ಮುಟ್ಟಿ ಬಂದವನು ಹೊರಗೇ ಸ್ನಾನ ಮಾಡಿ, ಬಟ್ಟೆ ನೆನೆಹಾಕಿ ಒಳಗೆ ಬರುವ ರೂಢಿ ಇದೆ. ಅದನ್ನು ಬಿಡಬೇಡಿ. ಆ ಕೆಲಸ ಅಲ್ಲಿಗೆ ಮುಗಿಯಿತು ಎಂದು ಮೈಗೆ ತಿಳಿಸುವ ದಾರಿಯೂ ಅದೇ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರೂ ನನ್ನ ತಕರಾರಿಲ್ಲ, ತಾಯತ ಕಟ್ಟಿಸಿಕೊಂಡೇ ಆಸ್ಪತ್ರೆಗೂ ಬನ್ನಿ. ಏನು ನೋಡಿದೆ ಎಂದು ಒತ್ತಾಯಿಸಿ ಕೇಳಬೇಡಿ, ಹೇಳಲು ಬಂದಾಗ "ಅದೆಲ್ಲ ಮರೆತುಬಿಡು" ಎಂದು ಬಾಯಿ ಮುಚ್ಚಿಸಲೂ ಬೇಡಿ.

ವರ್ಷಗಳ ಹಿಂದೆ ಎತ್ತಿ ಬಂದು ಇನ್ನೂ ಲೈಟ್ ಹಾಕಿಕೊಂಡು ಮಲಗುವವರು ಇದನ್ನು ಓದುತ್ತಿದ್ದರೆ: ಈಗಲೂ ತಡವಾಗಿಲ್ಲ. ಆಘಾತವನ್ನೇ ಗುರಿಯಾಗಿಟ್ಟುಕೊಂಡ ಮಾತಿನ ಚಿಕಿತ್ಸೆ ಇದೆ, ಸರ್ಟ್ರಲೀನ್‌ನಂಥ ಚಟ ಹಿಡಿಸದ ಮಾತ್ರೆಗಳಿವೆ. ಆ ಆಪರೇಟರ್ ಈಗ ಮತ್ತೆ ಮಷಿನ್ ಓಡಿಸುತ್ತಿದ್ದಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಹೆಣದ ವಿಷಯ ಹೇಳಬೇಕಿಲ್ಲ, ನಿದ್ದೆ ಬರುತ್ತಿಲ್ಲ ಎಂದರೆ ಸಾಕು. ಉಳಿದದ್ದನ್ನು ಒಳಗೆ ಬಂದ ಮೇಲೆ, ನಿಮಗೆ ಆದಾಗ ಹೇಳಿ.