ಹಸಿರು ಶಾಲು ವಿಧಾನಸಭೆಗೆ ಹೋದ ದಾರಿ

ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆ ಚುನಾವಣೆ ಬಂತು ಅಂದ್ರೆ ಮೊದಲು ಕೇಳುವ ಪ್ರಶ್ನೆ, ಈ ಸಲ ರೈತಸಂಘದಿಂದ ಯಾರು? ಎಷ್ಟೋ ತಾಲ್ಲೂಕುಗಳಲ್ಲಿ ಹಸಿರು ಶಾಲು ಧರಣಿ ಟೆಂಟ್ ದಾಟಿ ಮುಂದೆ ಹೋಗಲೇ ಇಲ್ಲ. ಇಲ್ಲಿ ಹೋಯಿತು. ಅದಕ್ಕೆ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಎಷ್ಟು ಕಾರಣವೋ, ಅವರನ್ನು ಕೈಬಿಡದ ಹಳ್ಳಿಗಳೂ ಅಷ್ಟೇ ಕಾರಣ.

ಈ ಕಥೆ ಶುರುವಾಗಿದ್ದು ಮಂಡ್ಯದಲ್ಲಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಆ ಸಿಟ್ಟಿನಲ್ಲೇ ರಾಜ್ಯ ರೈತಸಂಘ ಹುಟ್ಟಿತು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳ ಮುಂದೆ ಬೋರ್ಡ್ ನೆಟ್ಟರು.

ಮಂಡ್ಯದ ಸಿಟ್ಟಿಗೆ ಕಾರಣ ಬೇರೆ ಇತ್ತು: ಕಬ್ಬು. ವರ್ಷಪೂರ್ತಿ ಸಾಕಿದ ಕಬ್ಬಿಗೆ ಕಾರ್ಖಾನೆಯಿಂದ ಕಟಾವಿನ ಅಪ್ಪಣೆ ತಡವಾದರೆ ಗದ್ದೆಯಲ್ಲೇ ಸೂಲಂಗಿ (ಹೂ) ಬರುತ್ತದೆ, ತೂಕ ಬೀಳುತ್ತದೆ, ನಷ್ಟವೆಲ್ಲ ಬೆಳೆದವನಿಗೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕೇಂದ್ರದ ಆದೇಶ ಹೇಳುತ್ತದೆ. ಆದರೂ ಬಾಕಿಗಾಗಿ ರಸ್ತೆಗೆ ಇಳಿಯೋದು ತಪ್ಪಲಿಲ್ಲ. ಇದರ ಜೊತೆಗೆ ಕಾವೇರಿ. ಕೆಆರ್‌ಎಸ್‌ನಲ್ಲಿ ನೀರು ಕಡಿಮೆಯಾದರೆ ಅಲ್ಲಿಂದ ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದವರಿಗೆ ಆ ಬೆಳೆ ಹೋದ ಹಾಗೇ.

ಚುನಾವಣೆಗೆ ನಿಲ್ಲಬೇಕಾ ಬೇಡವಾ ಅಂತ ಸಂಘದೊಳಗೇ ಜಗಳಗಳಾದವು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಗೆದ್ದರು. ಮುಂದೆ ಅವರು ಬಿಜೆಪಿ ಸೇರಿ, 1998ರಲ್ಲಿ ಬೆಳಗಾವಿಯಿಂದ ಸಂಸದರಾಗಿ, ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಪುಟ್ಟಣ್ಣಯ್ಯ ಆ ದಾರಿ ಹಿಡಿಯಲಿಲ್ಲ. 1994ರಲ್ಲಿ ಪಾಂಡವಪುರದಿಂದ ಗೆದ್ದರು, ಆಮೇಲೆ ಸೋತರು, ಮತ್ತೆ ನಿಂತರು. 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ರೈತಸಂಘದ್ದೇ ಆದ ಸರ್ವೋದಯ ಕರ್ನಾಟಕ ಪಕ್ಷದ ಶಾಸಕರಾದರು. ನಡುವೆ ಅಷ್ಟು ವರ್ಷ ಕುರ್ಚಿ ಇಲ್ಲದಿದ್ದರೂ ಜನ ಅವರ ಹಿಂದೆ ನಿಂತರಲ್ಲ, ನನಗೆ ಗೆಲುವಿಗಿಂತ ಅದೇ ದೊಡ್ಡದು ಅನ್ನಿಸುತ್ತದೆ. ಓಟು ಕೇಳಲು ಹೋದವರಿಗೆ ಜನರೇ ನೋಟೂ ಕೊಟ್ಟು ಕಳಿಸುವುದು ಈ ಭಾಗದ ರೈತಸಂಘದ ರೂಢಿ. ದುಡ್ಡು ಹಂಚುವವರ ಎದುರು ಹೀಗೆ ನಿಲ್ಲೋದು ಸುಮ್ನೆ ಅಲ್ಲ.

ಸದನದಲ್ಲಿ ಅವರು ಮಾತಾಡಿದ್ದೂ ಹಳ್ಳಿ ಜಗಲಿಯ ಕನ್ನಡದಲ್ಲೇ. ಗೊಬ್ಬರ, ಕೂಲಿ, ಸಾಲ, ಬೆಲೆ. 2015ರಲ್ಲಿ ಮಂಡ್ಯದ ಹಳ್ಳಿಗಳಲ್ಲಿ ರೈತರ ಆತ್ಮಹತ್ಯೆಗಳು ಸಾಲುಸಾಲಾಗಿ ನಡೆದಾಗ ಆ ಮಾತುಗಳು ಎಷ್ಟು ಬೇಕಾಗಿದ್ದವು ಅಂತ ಎಲ್ಲರಿಗೂ ಗೊತ್ತಾಯಿತು.

2018ರ ಫೆಬ್ರವರಿ 18ರಂದು, ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಪುಟ್ಟಣ್ಣಯ್ಯ ಹೃದಯಾಘಾತವಾಗಿ ತೀರಿಕೊಂಡರು. ಅಮೆರಿಕದಿಂದ ಬಂದ ಮಗ ದರ್ಶನ್ ಅದೇ ವರ್ಷ ಸ್ವರಾಜ್ ಇಂಡಿಯಾ ಪಕ್ಷದಿಂದ ನಿಂತು ಸೋತರು. 2023ರಲ್ಲಿ ಸರ್ವೋದಯದಿಂದ, ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು. ಆ ವರ್ಷವೇ ಮಳೆ ಕೈಕೊಟ್ಟು, ತಮಿಳುನಾಡಿಗೆ ನೀರು ಬಿಡಬೇಡಿ ಅಂತ ಮಂಡ್ಯ ಮತ್ತೆ ಬೀದಿಗಿಳಿಯಿತು.