ಗ್ರಹಣ ಹಿಡಿಯುವ ಮೊದಲೇ ಮುಗಿದ ತುಟಿ

2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡು ಜಿಲ್ಲೆಗೆ ಅಪರೂಪದ ಅದೃಷ್ಟ ಒದಗಿತ್ತು. ಕಂಕಣ ಸೂರ್ಯಗ್ರಹಣ ದೇಶದಲ್ಲೇ ಚೆನ್ನಾಗಿ ಕಾಣುವ ಜಾಗಗಳಲ್ಲಿ ನಮ್ಮ ಚೆರುವತ್ತೂರು ಒಂದು. ಒಂಬತ್ತೂವರೆಯ ಹೊತ್ತಿಗೆ ಸುಮಾರು ಮೂರು ನಿಮಿಷ ಸೂರ್ಯ ಬಳೆಯಾಗಿ ನಿಂತ. ಜನ ದೂರದಿಂದ ಬಂದು, ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದರು. ಅದೇ ಹೊತ್ತಿಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಎಷ್ಟೋ ಮನೆಗಳಲ್ಲಿ ಬಸುರಿಯರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿದ್ದರು. ಊಟ ಇಲ್ಲ, ನೀರಿಲ್ಲ, ಕತ್ತಿ ಮುಟ್ಟುವ ಹಾಗಿಲ್ಲ. ಯಾಕೆ ಅಂತ ಕೇಳಿದರೆ ಉತ್ತರ ರೆಡಿ: ಮಗುವಿನ ತುಟಿ ಸೀಳಿಹೋಗುತ್ತದೆ.

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ನಿಜ. ಅದಕ್ಕಿಂತ ಜಾಸ್ತಿ ಬೇಜಾರಾಗುತ್ತದೆ. ತುಟಿ ಆಗುವ ನಿಜವಾದ ಕತೆ ಅಷ್ಟು ಚೆಂದ ಇದೆ, ಅದನ್ನು ಯಾರೂ ಹೇಳುವುದೇ ಇಲ್ಲ.

ಮೂಗಿನ ಕೆಳಗೆ ಬೆರಳಿಟ್ಟು ನೋಡಿ. ಮೇಲ್ತುಟಿಯ ನಡುವೆ ಸಣ್ಣ ತಗ್ಗು, ಅದರ ಎರಡೂ ಬದಿಗೆ ಒಂದೊಂದು ಏಣು. ಹೆಚ್ಚುಕಡಿಮೆ ಈ ಏಣುಗಳ ಸಾಲಿನಲ್ಲೇ ನಿಮ್ಮ ಮುಖ ಒಂದು ಕಾಲದಲ್ಲಿ ಬೇರೆ ಬೇರೆ ತುಂಡುಗಳಾಗಿ ಇತ್ತು. ಗರ್ಭ ಕಟ್ಟಿ ನಾಲ್ಕನೇ ವಾರದಲ್ಲಿ ಮುಖ ಅನ್ನುವುದು ಬಾಯಿಯಾಗಲಿರುವ ಒಂದು ಗುಂಡಿ ಮತ್ತು ಅದರ ಸುತ್ತ ಐದು ಉಬ್ಬು, ಅಷ್ಟೇ. ಮೇಲೆ ಒಂದು, ಎರಡು ಬದಿಗೆ ಎರಡು, ಕೆಳಗೆ ಎರಡು. ಕೆಳಗಿನವು ಬೇಗ ಕೂಡಿಕೊಂಡು ಕೆಳದವಡೆ ಆಗುತ್ತವೆ. ಅಲ್ಲಿ ದೊಡ್ಡ ಗಲಾಟೆ ಇಲ್ಲ. ಗಲಾಟೆ ಎಲ್ಲ ಮೇಲೆ.

ಮೇಲಿನ ಉಬ್ಬಿನಲ್ಲಿ ಎರಡು ಕುಳಿ ಬೀಳುತ್ತವೆ. ಮುಂದೆ ಅವೇ ಮೂಗಿನ ಹೊಳ್ಳೆಗಳು. ಆಮೇಲೆ ಬದಿಯ ಎರಡು ಉಬ್ಬುಗಳು ನಡುವಿಗೆ ಬೆಳೆಯುತ್ತಾ ಬಂದು, ಈ ಕುಳಿಗಳನ್ನು ಒಂದರ ಹತ್ತಿರಕ್ಕೆ ಇನ್ನೊಂದನ್ನು ನೂಕುತ್ತವೆ. ಕೊನೆಗೆ ನಡುವಿನ ತುಂಡಿಗೂ ಬದಿಯ ತುಂಡಿಗೂ ಮುಟ್ಟಾಗುತ್ತದೆ. ಆದರೆ ಮುಟ್ಟಿದರೆ ಸಾಕಾಗುವುದಿಲ್ಲ. ಎರಡರ ಮೈ ಮೇಲೂ ತೆಳು ಚರ್ಮದ ಪದರ ಇದೆ. ಅದು ಹಾಗೇ ಉಳಿದರೆ ಎರಡು ತುಂಡು ಪಕ್ಕಪಕ್ಕ ಇರುತ್ತವೆ, ಒಂದಾಗುವುದಿಲ್ಲ. ಹಾಗಾಗಿ ಸೇರುವ ಗೆರೆಯಲ್ಲಿರುವ ಜೀವಕೋಶಗಳು ಜಾಗ ಬಿಡಬೇಕು. ಕೆಲವು ಅಲ್ಲೇ ಸಾಯುತ್ತವೆ. ಬೇಕೆಂದೇ ಸಾಯುತ್ತವೆ ಅಂದರೂ ತಪ್ಪಿಲ್ಲ, ಯಾಕೆಂದರೆ ಆ ಸಾವು ಕೂಡ ದೇಹದ ಕೆಲಸದ ಪಟ್ಟಿಯಲ್ಲೇ ಇದೆ. ಆಮೇಲೆ ಒಳಗಿನ ಅಂಗಾಂಶ ಆಚೆಯಿಂದ ಈಚೆಗೆ ಹರಿದು ತುಟಿ ಒಂದಾಗುತ್ತದೆ. ಏಳನೇ ವಾರ ಮುಗಿಯುವ ಹೊತ್ತಿಗೆ ಈ ಬೆಸುಗೆ ಮುಗಿದಿರುತ್ತದೆ. ಆಗ ಮಗುವಿನ ಉದ್ದ ಎರಡು ಸೆಂಟಿಮೀಟರ್ ಆಸುಪಾಸು.

ಈ ಉಬ್ಬುಗಳನ್ನು ತುಂಬುವ ಜೀವಕೋಶಗಳ ಬಗ್ಗೆ ಸ್ವಲ್ಪ ಹೇಳದೆ ಇರಲಾರೆ. ಅವು ಮುಖದಲ್ಲಿ ಹುಟ್ಟಿದವಲ್ಲ. ಮಿದುಳು, ಬೆನ್ನುಹುರಿ ಆಗಲಿರುವ ನರಕೊಳವೆಯ ಬೆನ್ನಿನ ಅಂಚಿನಲ್ಲಿ ಹುಟ್ಟಿ, ಅಲ್ಲಿಂದ ಎದ್ದು ಮುಖದ ಕಡೆ ನಡೆದು ಬಂದವು. 1868ರಲ್ಲಿ ವಿಲ್‌ಹೆಲ್ಮ್ ಹಿಸ್ ಎಂಬ ಸ್ವಿಸ್ ವಿಜ್ಞಾನಿ ಕೋಳಿಯ ಭ್ರೂಣದಲ್ಲಿ ಇವುಗಳನ್ನು ಮೊದಲು ಗುರುತಿಸಿದ. ಮುಖದ ಎಲುಬು ಬಹುಪಾಲು ಇವುಗಳಿಂದಲೇ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೂ, ಕರುಳಿನ ನರಗಳೂ ಇದೇ ವಂಶ. ನಿಮ್ಮ ಕೆನ್ನೆಯ ಎಲುಬಿಗೂ ಕರುಳಿನ ನರಕ್ಕೂ ನೆಂಟಸ್ತಿಕೆ ಇದೆ ಅಂದರೆ ನಂಬಲಿಕ್ಕೆ ಕಷ್ಟ, ಅಲ್ವಾ?

ಅಂಗಳು ಇನ್ನೂ ಮಜಾ. ಬಾಯಿಯ ಮಾಡು ಆಗಬೇಕಾದ ಎರಡು ಹಲಗೆಗಳು ಮೊದಲು ನಾಲಗೆಯ ಎರಡು ಬದಿಗೆ ಕೆಳಮುಖವಾಗಿ ಜೋತಿರುತ್ತವೆ. ದವಡೆ ಬೆಳೆದು ನಾಲಗೆ ಕೆಳಗಿಳಿದ ಕೂಡಲೇ ಅವು ಮೇಲಕ್ಕೆದ್ದು ಅಡ್ಡವಾಗಿ ನಿಂತು, ನಡುವಿನಲ್ಲಿ ಬೆಸೆದುಕೊಳ್ಳುತ್ತವೆ. ಹನ್ನೆರಡನೇ ವಾರದೊಳಗೆ ಇದೂ ಆಯಿತು. ಹೆಣ್ಣುಮಕ್ಕಳಲ್ಲಿ ಈ ಹಲಗೆಗಳು ಸುಮಾರು ಒಂದು ವಾರ ತಡವಾಗಿ ಸೇರುತ್ತವೆ. ತುಟಿ ಸರಿ ಇದ್ದು ಅಂಗಳು ಮಾತ್ರ ಸೀಳಿರುವುದು ಹುಡುಗಿಯರಲ್ಲಿ ಜಾಸ್ತಿ ಯಾಕೆ ಅನ್ನುವುದಕ್ಕೆ ಕೊಡುವ ಒಂದು ಕಾರಣ ಇದು. ಸೀಳುತುಟಿ ಹುಡುಗರಲ್ಲಿ ಜಾಸ್ತಿ. ಅದೂ ಎಡಗಡೆ, ಬಲಕ್ಕಿಂತ ಸುಮಾರು ಎರಡು ಪಾಲು. ಗ್ರಹಣ ಎಡಬಲ ನೋಡಿ ಹಿಡಿಯುತ್ತದೆಯೋ ಏನೋ, ಪಂಚಾಂಗದವರನ್ನೇ ಕೇಳಬೇಕು.

ಈಗ ಲೆಕ್ಕ ಹಾಕೋಣ. ಸೀಮಂತ ಆದ ಏಳು ತಿಂಗಳ ಬಸುರಿಯನ್ನು ಕೋಣೆಯಲ್ಲಿ ಕೂರಿಸುತ್ತೇವೆ. ಅವಳ ಮಗುವಿನ ತುಟಿ ಮುಗಿದು ಎಷ್ಟೋ ತಿಂಗಳಾಯಿತು. ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ, ಚೌಕಿ ಎಂಬ ವೇಷ ಕಟ್ಟುವ ಕೋಣೆಯಲ್ಲಿ ಬಣ್ಣ ಬರೆದು, ಕಿರೀಟ ಕಟ್ಟಿ, ವೇಷ ರಂಗಸ್ಥಳಕ್ಕೆ ಬಂದು ಪದಕ್ಕೆ ಕುಣಿಯುತ್ತಿದೆ. ನಾವು ಈಗ ಹೋಗಿ ಚೌಕಿಯ ಬಾಗಿಲಿಗೆ ಬೀಗ ಹಾಕುತ್ತಿದ್ದೇವೆ.

ಹಾಗಾದರೆ ಐದಾರು ವಾರದವಳ ಕತೆ ಏನು, ಅಂತ ಚುರುಕಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗ್ರಹಣದಲ್ಲಿ ಚಂದ್ರ ಸೂರ್ಯನಿಗೆ ಅಡ್ಡ ಬರುತ್ತಾನೆ. ನಮಗೆ ಬರುವ ಬೆಳಕು ಕಡಿಮೆಯಾಗುತ್ತದೆ, ಹೊಸ ಕಿರಣ ಯಾವುದೂ ಹುಟ್ಟುವುದಿಲ್ಲ. ಬರಿಗಣ್ಣಲ್ಲಿ ನೋಡಿದರೆ ಕಣ್ಣಿನ ಪರದೆ ಸುಡುತ್ತದೆ, ಆದರೆ ಅದು ಬಸುರಿಗೂ ಒಂದೇ, ಅವಳ ಗಂಡನಿಗೂ ಒಂದೇ. ಅಲ್ಲದೆ ಗ್ರಹಣವೇ ಕಾರಣ ಆಗಿದ್ದರೆ ಡಿಸೆಂಬರ್ 26ರಂದು ಆರು ವಾರದ ಆಸುಪಾಸಿನಲ್ಲಿದ್ದ ಮಕ್ಕಳು ಹುಟ್ಟಿದ ಆಗಸ್ಟ್ ಮೊದಲಿಗೆ ಮಾತ್ರ ಸೀಳುತುಟಿ ಒಟ್ಟಿಗೆ ಕಾಣಬೇಕಿತ್ತು, ಉಳಿದ ತಿಂಗಳುಗಳಲ್ಲಿ ಇರಲೇಬಾರದಿತ್ತು. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ತುಟಿಯೋ ಅಂಗಳೋ ಸೀಳಿರುತ್ತದೆ, ಗ್ರಹಣ ಕಾಣದ ಊರುಗಳಲ್ಲೂ.

ಇದು ನಮ್ಮವರ ಸ್ವಂತ ನಂಬಿಕೆ ಅಂತ ಹೆಮ್ಮೆ ಪಡುವ ಹಾಗೂ ಇಲ್ಲ. ಮೆಕ್ಸಿಕೋದ ಆಸ್ಟೆಕ್ ಜನರಿಗೂ ಇದೇ ಹೆದರಿಕೆ ಇತ್ತು. ಚಂದ್ರನನ್ನು ಏನೋ ಕಚ್ಚಿದೆ, ಹಾಗೇ ಮಗುವಿನ ಬಾಯಿಗೂ ಕಚ್ಚು ಬೀಳುತ್ತದೆ ಅನ್ನುವ ತರ್ಕ. ಅಲ್ಲಿನ ಬಸುರಿಯರು ಗ್ರಹಣದ ಹೊತ್ತಿಗೆ ಅಬ್ಸಿಡಿಯನ್ ಎಂಬ ಗಾಜಿನಂಥ ಕರಿಕಲ್ಲಿನ ಚೂರು ಇಟ್ಟುಕೊಳ್ಳುತ್ತಿದ್ದರು ಅಂತ 16ನೇ ಶತಮಾನದಲ್ಲಿ ಸಹಾಗುನ್ ಎಂಬ ಸ್ಪೇನಿನ ಪಾದ್ರಿ ಬರೆದಿಟ್ಟಿದ್ದಾನೆ. ತಮಾಷೆ ನೋಡಿ, ಅಲ್ಲಿ ಹರಿತವಾದದ್ದು ರಕ್ಷೆ, ಇಲ್ಲಿ ಹರಿತವಾದದ್ದು ಮುಟ್ಟಿದರೆ ದೋಷ.

ನಿಜವಾದ ವಿಷ ಕೂಡ ಈ ವೇಳಾಪಟ್ಟಿಯನ್ನು ಮೀರುವುದಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂತು. ನಿದ್ದೆಗೆ ಒಳ್ಳೇದು, ಬಸುರಿಯರ ವಾಂತಿಗೂ ಒಳ್ಳೇದು ಅಂದರು. 1961ರ ನವೆಂಬರಿನಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಊನಗಳೊಂದಿಗೆ ಹುಟ್ಟಿದ್ದರು. ಎಷ್ಟೋ ಮಕ್ಕಳಿಗೆ ಕೈಕಾಲೇ ಸರಿಯಾಗಿ ಬೆಳೆದಿರಲಿಲ್ಲ. ಲೆಕ್ಕ ತೆಗೆದಾಗ ಗೊತ್ತಾದದ್ದು ಇದು: ಗರ್ಭ ಕಟ್ಟಿದ ಸುಮಾರು 20ನೇ ದಿನದಿಂದ 36ನೇ ದಿನದೊಳಗೆ ತೆಗೆದುಕೊಂಡರೆ ಈ ಊನ. ಮೊದಮೊದಲ ದಿನಗಳಲ್ಲಾದರೆ ಕಿವಿಗೆ, ಆಮೇಲೆ ಕೈಗೆ, ಇನ್ನೂ ಆಮೇಲೆ ಕಾಲಿಗೆ. ಯಾವ ಅಂಗ ಆ ದಿನ ಆಗುತ್ತಿತ್ತೋ ಅದಕ್ಕೇ ಪೆಟ್ಟು.

ನಮ್ಮ ಜಿಲ್ಲೆಯವರಿಗೆ ಈ ಪಾಠಕ್ಕೆ ಜರ್ಮನಿ ತನಕ ಹೋಗುವ ಅಗತ್ಯವೂ ಇರಲಿಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಸುತ್ತಿನ ಗೇರುತೋಟಗಳ ಮೇಲೆ 2000ದ ತನಕ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅಲ್ಲಿನ ಜನರ ಯಾವ ಕಾಯಿಲೆಯಲ್ಲಿ ಅದರ ಪಾಲು ಎಷ್ಟು ಅನ್ನುವ ವಾದ ವಿಜ್ಞಾನಿಗಳಲ್ಲಿ ಈಗಲೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ನನ್ನ ತಕರಾರು ಬೇರೆ. ಆಕಾಶದಲ್ಲಿ ಮೂರು ನಿಮಿಷದ ನೆರಳು ಬಂದರೆ ಬಸುರಿಯರನ್ನು ಒಳಗೆ ಕೂರಿಸುವ ನಾವು, ಆಕಾಶದಿಂದ ಕೀಟನಾಶಕ ಬೀಳುವಾಗ ಅಷ್ಟೇ ಗಟ್ಟಿಯಾಗಿ ಕೂಗಲಿಕ್ಕೆ ಎಷ್ಟು ವರ್ಷ ತೆಗೆದುಕೊಂಡೆವು!

ಸೀಳುತುಟಿಗೆ ಒಂದೇ ಕಾರಣ ಇಲ್ಲ. ವಂಶದ ಗುಣ, ತಾಯಿಯ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅಪಸ್ಮಾರದ ಕೆಲವು ಮಾತ್ರೆಗಳು, ಹೀಗೆ ಹಲವು ಸೇರುತ್ತವೆ. ಅಪಸ್ಮಾರದ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ, ಮಗು ಬೇಕು ಅನ್ನುವಾಗಲೇ ಡಾಕ್ಟರ ಹತ್ತಿರ ಮಾತಾಡಿ. ಫೋಲಿಕ್ ಆಮ್ಲದ ಮಾತ್ರೆಯೂ ಗರ್ಭ ಕಟ್ಟುವ ಮೊದಲೇ ಶುರುವಾಗಬೇಕು. ಆ ಮಾತ್ರೆ ಕಾಯಬೇಕಾದ ಬೆನ್ನುಹುರಿಯ ಕೊಳವೆ ನಾಲ್ಕನೇ ವಾರದ ಕೊನೆಗೇ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕಂಡು ಬರುವಷ್ಟರಲ್ಲಿ ಆ ಗಡುವು ಮುಗಿದೇ ಹೋಗಿರುತ್ತದೆ.

ಸೀಳುತುಟಿಯ ಮಗು ಹುಟ್ಟಿದ ಮನೆಯಲ್ಲಿ ಮೊದಲ ಪ್ರಶ್ನೆ ಬರುವುದು ತಾಯಿಗೆ: ಗ್ರಹಣದ ದಿನ ಹೊರಗೆ ಹೋಗಿದ್ದೆಯಾ? ಕೇಳಬೇಕಾದದ್ದು ಮಗುವಿಗೆ ಹಾಲು ಹೇಗೆ ಕುಡಿಸುವುದು ಅಂತ. ಅಂಗಳು ಸೀಳಿದ್ದರೆ ಮಗುವಿಗೆ ಚೀಪಲಿಕ್ಕೆ ಎಳೆತ ಸಿಗುವುದಿಲ್ಲ. ಅದಕ್ಕೆ ಬೇರೆ ಥರದ ಬಾಟಲಿ ಇದೆ, ಮಗುವನ್ನು ಸ್ವಲ್ಪ ನೆಟ್ಟಗೆ ಕೂರಿಸಿ ಕುಡಿಸುವ ಕ್ರಮ ಇದೆ. ಮಕ್ಕಳ ಊನಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಿಸಲು ಸರಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗಳು ಎರಡೂ ಇವೆ. ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಹೊಲಿಯುತ್ತಾರೆ. ಅಂಗಳನ್ನು ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ, ಮಗು ಸರಿಯಾಗಿ ಮಾತು ಕಲಿಯುವ ಮೊದಲು.