ಎರಡು ಅಂಚುಗಳ ನಡುವಿನ ಅರ್ಧ ಸೆಕೆಂಡು

ಕಡಿದಾದ ಹಿಮಪರ್ವತದಿಂದ, ಸ್ಕೀ ಎಂಬ ಉದ್ದನೆಯ ಜಾರುಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಇಳಿಯುವವರ ವಿಡಿಯೊ ನೋಡಿದವರು ಅದನ್ನು ವೇಗದ ಹುಚ್ಚು ಎಂದೇ ತಿಳಿಯುತ್ತಾರೆ. ಈ ತಿಳಿವಳಿಕೆ ಪೂರ್ತಿ ತಲೆಕೆಳಗು. 1967ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಸಿಲ್ವೆನ್ ಸೊದಾನ್ ಫ್ರಾನ್ಸಿನ ಶಾಮೊನಿ ಬಳಿಯ ಸ್ಪೆನ್ಸರ್ ಕೊರಕಲನ್ನು, ಅಂದರೆ ಬಂಡೆಗಳ ನಡುವೆ ಹಿಮ ತುಂಬಿದ ಸುಮಾರು 50 ಡಿಗ್ರಿಯ ಓಣಿಯನ್ನು, ಇಳಿದು ಈ ವಿದ್ಯೆಗೆ ಹೊಸ ದಾರಿ ತೆರೆದಾಗ ಅವರು ತೋರಿಸಿದ್ದು ಕಡಿದಾದ ಜಾಗದಲ್ಲಿ ಪ್ರತಿ ತಿರುವಿಗೂ ವೇಗವನ್ನು ಕೊಲ್ಲುವ ಕಲೆಯನ್ನು.

50 ಡಿಗ್ರಿ ಎಂದರೆ ಎಷ್ಟು? ಮನೆಯ ಮೆಟ್ಟಿಲುಗಳ ಇಳಿಜಾರು 30–35 ಡಿಗ್ರಿ ಇರುತ್ತದೆ. 50 ಡಿಗ್ರಿಯಲ್ಲಿ ನೆಟ್ಟಗೆ ನಿಂತರೆ ಮುಕ್ಕಾಲು ಮೀಟರು ಪಕ್ಕದಲ್ಲೇ ಹಿಮ ಸೊಂಟದ ಎತ್ತರಕ್ಕೆ ಬಂದಿರುತ್ತದೆ. ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ಹಿಡಿದು, ಅವುಗಳ ಉಕ್ಕಿನ ಅಂಚು ಹಿಮವನ್ನು ಕಚ್ಚಿರುವವರೆಗೂ ಮನುಷ್ಯ ಸುರಕ್ಷಿತ. ಆದರೆ ಬಲಕ್ಕೆ ಮುಖ ಮಾಡಿದವನು ಎಡಕ್ಕೆ ತಿರುಗಬೇಕಾದರೆ ಒಂದು ಅಂಚನ್ನು ಬಿಟ್ಟು ಇನ್ನೊಂದನ್ನು ಹಿಡಿಯಲೇಬೇಕು. ನಡುವೆ ಸ್ಕೀಗಳ ಮೂತಿ ನೇರ ಕಣಿವೆಯತ್ತ ಇರುತ್ತದೆ. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹಾಗೆ ಒಂದು ಸೆಕೆಂಡು ಜಾರಿದರೂ ಗಂಟೆಗೆ 27 ಕಿಲೋಮೀಟರ್ ವೇಗ ಏರುತ್ತದೆ. ಮೂರು ಸೆಕೆಂಡಿಗೆ 81. ಆದ್ದರಿಂದ ತಿರುವು ಅರ್ಧ ಸೆಕೆಂಡಿನೊಳಗೆ, ಬಹುಪಾಲು ಗಾಳಿಯಲ್ಲೇ ಮುಗಿಯಬೇಕು.

ಸೊದಾನ್ ಭಾರವನ್ನು ಸ್ಕೀಗಳ ಹಿಂಬದಿಗೆ ಹಾಕಿ, ಮೂತಿಗಳನ್ನು ಕಾರಿನ ವೈಪರಿನಂತೆ ಅತ್ತಿಂದಿತ್ತ ಬೀಸುತ್ತಿದ್ದರು. ಅನಂತರ ಫ್ರಾನ್ಸಿನ ಪ್ಯಾಟ್ರಿಕ್ ವಾಲೆನ್ಸಾ, ಆನ್ಸೆಲ್ಮ್ ಬೋ ಮೊದಲಾದವರು ಬಳಸಿದ 'ಪೆಡಲ್' ತಿರುವು ಅದಕ್ಕಿಂತ ಸೊಗಸಾದದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ರೇಖಾಗಣಿತವೇ ಕೆಲಸ ಮಾಡುತ್ತದೆ. ಎರಡು ಪಾದಗಳ ನಡುವೆ ಅಡ್ಡಲಾಗಿ 30 ಸೆಂಟಿಮೀಟರ್ ಅಂತರವಿದ್ದರೆ 50 ಡಿಗ್ರಿಯಲ್ಲಿ ಮೇಲಿನ ಪಾದ ಕೆಳಗಿನದಕ್ಕಿಂತ 36 ಸೆಂಟಿಮೀಟರ್, ಅಂದರೆ ಸುಮಾರು ಎರಡು ಮೆಟ್ಟಿಲಿನಷ್ಟು ಎತ್ತರದಲ್ಲಿರುತ್ತದೆ. ಕೆಳಗಿನ ಕಾಲು ಆಗಲೇ ನೆಟ್ಟಗಾಗಿರುವುದರಿಂದ ಅದರಲ್ಲಿ ನೆಗೆಯಲು ಏನೂ ಉಳಿದಿಲ್ಲ. ಮಡಿಸಿದ ಮೇಲಿನ ಕಾಲಿನಲ್ಲಿ ಮಾತ್ರ ಶಕ್ತಿ ಕೂಡಿಕೊಂಡಿದೆ. ಕೆಳಗಡೆ ಕೋಲೂರಿ, ಸೈಕಲ್ಲಿನ ಮೇಲೆದ್ದ ಪೆಡಲನ್ನು ತುಳಿದಂತೆ ಆ ಕಾಲನ್ನು ತುಳಿದು, ಕೆಳಗಿನ ಸ್ಕೀಯನ್ನು ಹಿಂಬದಿಯಿಂದ ಮೇಲಕ್ಕೆಳೆದುಕೊಂಡರೆ, ದೇಹ ಕೀಲಿನ ಮೇಲೆ ಬಾಗಿಲು ತಿರುಗಿದಂತೆ ಕೋಲಿನ ಸುತ್ತ ತಿರುಗುತ್ತದೆ. ನೆಲ ಮುಟ್ಟುವಾಗ ಮೊದಲು ಮೇಲಿದ್ದ ಕಾಲು ಕೆಳಗಿನದಾಗಿರುತ್ತದೆ; ತುಳಿದದ್ದರಿಂದ ಅದು ಆಗಲೇ ನೆಟ್ಟಗಾಗಿದೆ, ಎಳೆದುಕೊಂಡ ಇನ್ನೊಂದು ಮಡಿಸಿಕೊಂಡಿದೆ. ಮುಂದಿನ ತಿರುವಿಗೆ ಬೇಕಾದ ಭಂಗಿ ತಾನಾಗಿಯೇ ಸಿದ್ಧ!

ಸಲಕರಣೆಗಳ ತರ್ಕವೂ ಇದೇ ಅರ್ಧ ಸೆಕೆಂಡಿನಿಂದ ಹುಟ್ಟುತ್ತದೆ. ಕಿರಿದಾದ ಓಣಿಯಲ್ಲಿ ಹೆಗಲ ಮೇಲೆ ಏಣಿ ಹೊತ್ತು ಹಿಂದಕ್ಕೆ ತಿರುಗಿದವರಿಗೆ ಜಡತ್ವದ ಪಾಠ ಬೇಕಿಲ್ಲ: ಒಂದೇ ತೂಕದ ಎರಡು ಸ್ಕೀಗಳಲ್ಲಿ 185 ಸೆಂಟಿಮೀಟರಿನದು 170ರದ್ದಕ್ಕಿಂತ ಸುಮಾರು ಶೇ. 18ರಷ್ಟು ಹೆಚ್ಚು ಹಟಮಾರಿ, ಏಕೆಂದರೆ ತಿರುಗುವಿಕೆಗೆ ಒಡ್ಡುವ ವಿರೋಧ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮರದ ಸ್ಕೀಗಳಿಗೆ ಉಕ್ಕಿನ ಅಂಚು ಬಂದದ್ದು 1920ರ ದಶಕದಲ್ಲಿ, ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ ಅವರಿಂದ. ಅದಿಲ್ಲದೆ ಈ ಸಾಹಸದ ಯೋಚನೆಯೂ ಸಾಧ್ಯವಿರಲಿಲ್ಲ. ಬೂಟನ್ನು ಮುಂಭಾಗದಲ್ಲಿ ಎರಡು ಮೊಳೆಗಳ ನಡುವೆ ಹಿಡಿಯುವ ಹಗುರ ಬೈಂಡಿಂಗನ್ನು, ಅಂದರೆ ಬೂಟನ್ನು ಸ್ಕೀಗೆ ಬಂಧಿಸುವ ಸಾಧನವನ್ನು, 1980ರ ದಶಕದಲ್ಲಿ ಅದೇ ದೇಶದ ಫ್ರಿಟ್ಜ್ ಬಾರ್ಥೆಲ್ ರೂಪಿಸಿದರು. ಸಾಧಾರಣ ಇಳಿಜಾರಿನಲ್ಲಿ ಬಿದ್ದಾಗ ಸ್ಕೀ ಕಳಚಿಕೊಂಡರೆ ಮೊಣಕಾಲು ಉಳಿಯುತ್ತದೆ, ಇಲ್ಲಿ ಕಳಚಿಕೊಳ್ಳುವುದೇ ಬೀಳುವುದು. ಹಾಗಾಗಿ ಹಲವರು ಬೈಂಡಿಂಗಿನ ಮುಂಭಾಗದ ಸನ್ನೆಕೋಲನ್ನು ಬೀಗ ಹಾಕಿದಂತೆ ಬಿಗಿದು, ಹಿಮಕುಸಿತ ಹೊಡೆದರೆ ಕಾಲಿಗೆ ಅಂಟಿದ ಸ್ಕೀಯೇ ಒಳಗೆಳೆಯುತ್ತದೆ ಎಂಬ ಅಪಾಯವನ್ನು ತಿಳಿದೇ ಒಪ್ಪಿಕೊಳ್ಳುತ್ತಾರೆ.

ಇಳಿಜಾರು ಕಡಿದಾದಷ್ಟೂ ಹಿಮಕುಸಿತ ಹೆಚ್ಚು ಎಂಬುದೂ ಅರ್ಧ ಸತ್ಯ. ಪದರಗಟ್ಟಿದ ಹಿಮ ಹಾಸುಗಲ್ಲಿನಂತೆ ಒಡೆದು ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಗಳಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ಆಗಾಗ ಉದುರಿಹೋಗುವುದರಿಂದ ದಪ್ಪಗೆ ಕೂಡಿಕೊಳ್ಳುವುದು ಕಡಿಮೆ. ಇಂಥ ಕಡೆ ಉಳಿಯುವ ಹಿಮದ ಸ್ವಭಾವವನ್ನು ಅರಿಯಲೆಂದೇ ಅನುಭವಿಗಳು, ಸಾಧ್ಯವಾದಾಗಲೆಲ್ಲ, ಇಳಿಯುವ ದಾರಿಯಲ್ಲೇ ಬೂಟಿಗೆ ಉಕ್ಕಿನ ಹಲ್ಲುಗಳನ್ನು ಕಟ್ಟಿಕೊಂಡು, ಕೈಯಲ್ಲಿ ಹಿಮಗೊಡಲಿ ಹಿಡಿದು ನಸುಕಿನಲ್ಲಿ ಹತ್ತುತ್ತಾರೆ. ರಾತ್ರಿ ಹೆಪ್ಪುಗಟ್ಟಿದ ವಸಂತದ ಹಿಮ ಆಗ ಕಲ್ಲಿನಷ್ಟು ಗಟ್ಟಿ, ಅಂಚು ಕಚ್ಚುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ಗಂಜಿಯಾಗಿ ಕುಸಿಯಬಹುದು. ನಡುವೆ ಮೇಲಿನ ಎರಡು ಬೆರಳಿನಷ್ಟು ಪದರ ಮಾತ್ರ ಮೆತ್ತಗಾಗುವ ಒಂದು ಗಳಿಗೆಯಿದೆ. ತುದಿ ಮುಟ್ಟಿದವರು ಆ ಗಳಿಗೆಗಾಗಿ, ಆಗಾಗ ಕೋಲಿನ ಮೊನೆಯಿಂದ ಹಿಮವನ್ನು ಕೆದಕಿ ನೋಡುತ್ತ, ಚಳಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ.